ಖುಲಾ
ಅರಬ್ಬಿಯಲ್ಲಿ ಈ ಪದದ ಮೂಲಾರ್ಥ ಮೈಮೇಲಿನ ಬಟ್ಟೆ ಕಳಚುವುದು. ಗಂಡಹೆಂಡಿರನ್ನು ಕುರ್‌ಆನ್ ಪರಸ್ಪರರ ಉಡುಪೆಂದು ಕರೆದಿದೆ. ಹೆಣ್ಣು ತಾನೇ ಮುಂದಾಗಿ, ಸಾಮಾನ್ಯವಾಗಿ ಮದುವೆಯಲ್ಲಿ ಗಂಡ ಕೊಟ್ಟ ಮೆಹರ್ ಹಿಂದಿರುಗಿಸಿ, ಮದುವೆಯಿಂದ ಹೊರಬರುವುದು ಖುಲಾ. ಪ್ರವಾದಿಯವರ ಸಂಗಾತಿ ಸಾಬಿತ್ ಬಿನ್ ಖೈಸರ ಪತ್ನಿ ಮೆಹರ್ ಆಗಿ ಬಂದಿದ್ದ ತೋಟವನ್ನು ಮರಳಿಸಿ ಬಿಡುಗಡೆ ಪಡೆದ ಪ್ರಸಂಗ ಹದೀಸಿನಲ್ಲಿದೆ. ತಲಾಖ್ ಎಂಬುದು ಕನ್ನಡದಲ್ಲಿ ಮನೆಮಾತು. ಖುಲಾ ಅಷ್ಟಾಗಿ ಕಿವಿಗೆ ಬೀಳದಿರುವುದು ನೋವಿನ ಸಂಗತಿ. ಕಾಸರಗೋಡಿನ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯಲ್ಲಿ ನಾದಿರಾಳ ಸಂಸಾರ ಮುರಿಯುವುದು ಅಪ್ಪನ ಹಠಕ್ಕೆ. ಬಾಳುತ್ತೀಯಾ, ಬಿಡುತ್ತೀಯಾ ಎಂದು ಅವಳನ್ನು ಕೇಳುವವರೇ ಇಲ್ಲ. ಕೋರ್ಟಿನ ಹೊರಗೂ ಹೆಣ್ಣು ಖುಲಾ ಪಡೆಯಬಹುದೆಂದು ಕೇರಳ ಹೈಕೋರ್ಟ್ 2021ರಲ್ಲಿ ಹೇಳಿತು. ಅದಕ್ಕಾಗಿ, ಹಾಗೆ ಪಡೆಯಲಾಗದು ಎಂದಿದ್ದ ತನ್ನದೇ 1972ರ ತೀರ್ಪನ್ನು ತಳ್ಳಿಹಾಕಿತು.