ಬಟ್ಟಲಿನ ನಾಣ್ಯ ಮತ್ತು ಟಾಲೆಮಿಯ ಕೋಷ್ಟಕ

ಬಟ್ಟಲಿನ ತಳದಲ್ಲಿ ಒಂದು ನಾಣ್ಯವನ್ನಿಟ್ಟು, ಅಂಚು ಅಡ್ಡವಾಗಿ ಅದು ಮರೆಯಾಗುವವರೆಗೆ ಹಿಂದಕ್ಕೆ ಸರಿದು ನಿಲ್ಲಿರಿ. ಯಾರಾದರೂ ಬಟ್ಟಲಿಗೆ ನೀರು ಸುರಿದರೆ ನಾಣ್ಯ ಮತ್ತೆ ಕಾಣಿಸುತ್ತದೆ. ವಕ್ರೀಭವನದ ಪಾಠದಲ್ಲಿ ಬರುವ ಈ ಪ್ರಯೋಗ ಬಹಳ ಹಳೆಯದು. ಯೂಕ್ಲಿಡ್‌ನ ಹೆಸರಿನಲ್ಲಿ ಉಳಿದುಬಂದಿರುವ, ಕನ್ನಡಿಗಳನ್ನು ಕುರಿತ ಗ್ರೀಕ್ ಗ್ರಂಥದಲ್ಲಿಯೇ ಇದರ ಉಲ್ಲೇಖವಿದೆ.

ಕ್ರಿ.ಶ. 2ನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದಲ್ಲಿದ್ದ ಟಾಲೆಮಿಯೂ ತನ್ನ ದೃಗ್ವಿಜ್ಞಾನ ಗ್ರಂಥದಲ್ಲಿ ಇದೇ ನಾಣ್ಯವನ್ನು ವರ್ಣಿಸುತ್ತಾನೆ. ಆದರೆ ಅವನು ಅಲ್ಲಿಗೇ ನಿಲ್ಲದೆ, ಬಾಗುವಿಕೆ ಎಷ್ಟು ಎಂದು ಅಳೆಯಲು ಹೊರಟ. ಡಿಗ್ರಿಗಳನ್ನು ಗುರುತಿಸಿದ ಕಂಚಿನ ಬಿಲ್ಲೆಯೊಂದನ್ನು ನೀರಿನಲ್ಲಿ ಅರ್ಧ ಮುಳುಗುವಂತೆ ನೆಟ್ಟಗೆ ನಿಲ್ಲಿಸಿದ. ಮೇಲಿನ ಅಂಚಿನಲ್ಲಿ ಒಂದು ಗುರುತು, ಕೇಂದ್ರದಲ್ಲಿ ಇನ್ನೊಂದು. ಇವೆರಡರ ನೇರಕ್ಕೆ ಕಾಣುವವರೆಗೆ ನೀರಿನೊಳಗಿನ ಅಂಚಿನಲ್ಲಿ ಸಣ್ಣ ಕಡ್ಡಿಯೊಂದನ್ನು ಸರಿಸಿದ. (ದೃಷ್ಟಿಕಿರಣಗಳು ಕಣ್ಣಿನಿಂದ ಹೊರಡುತ್ತವೆಂದು ಅವನು ನಂಬಿದ್ದ. ಕಿರಣದ ಮಾರ್ಗ ಎರಡೂ ದಿಕ್ಕಿಗೆ ಒಂದೇ ಆದ್ದರಿಂದ ಅಳತೆಗೆ ಬಾಧಕವಾಗಲಿಲ್ಲ.)

ಗಾಳಿಯಲ್ಲಿನ ಕೋನ 10°, 20°, 30°, 40°, 50°, 60°, 70°, 80° ಇದ್ದಾಗ ನೀರಿನಲ್ಲಿ ಅವನಿಗೆ ದೊರೆತ ಕೋನಗಳು ಅನುಕ್ರಮವಾಗಿ 8°, 15½°, 22½°, 29°, 35°, 40½°, 45½°, 50°. ಈಗ ಒಂದರಿಂದ ಇನ್ನೊಂದನ್ನು ಕಳೆದು ನೋಡಿರಿ: 7½, 7, 6½, 6, 5½, 5, 4½. ಪ್ರತಿ ಬಾರಿಯೂ ಸರಿಯಾಗಿ ಅರ್ಧ ಡಿಗ್ರಿ ಕಡಿಮೆ! ನಿಜವಾದ ಅಳತೆಗಳು ಇಷ್ಟು ಅಚ್ಚುಕಟ್ಟಾಗಿ ಬರುವುದಿಲ್ಲ. ಮನಸ್ಸಿನಲ್ಲಿದ್ದ ಗಣಿತದ ಕ್ರಮಕ್ಕೆ ಟಾಲೆಮಿ ಅಂಕಿಗಳನ್ನು ಹೊಂದಿಸಿದನೆಂದೇ ಇತಿಹಾಸಕಾರರ ಅಭಿಪ್ರಾಯ. ಹಾಗೆಂದು ಅವನು ಅಳೆಯಲೇ ಇಲ್ಲವೆನ್ನಲಾಗದು. 50° ಮತ್ತು 60°ರ ಸಾಲುಗಳು ಇಂದಿನ ಲೆಕ್ಕಕ್ಕೆ ಬಹುತೇಕ ಸರಿಹೊಂದುತ್ತವೆ. ತಪ್ಪುವುದು ಮುಖ್ಯವಾಗಿ ತುದಿಗಳಲ್ಲಿ: 10°ಗೆ ಸುಮಾರು 7½° ಬರಬೇಕು, 80°ಗೆ 48°ಗಿಂತ ತುಸು ಕಡಿಮೆ.

ಕೋನಗಳಲ್ಲಿ ಅಲ್ಲ, ಅವುಗಳ ಸೈನ್‌ಗಳಲ್ಲಿ ಸ್ಥಿರ ಅನುಪಾತವಿದೆ ಎಂಬ ನಿಯಮಕ್ಕೆ ಸಮನಾದುದನ್ನು 984ರ ಸುಮಾರಿಗೆ ಬಾಗ್ದಾದಿನ ಇಬ್ನ್ ಸಹ್ಲ್ ಬಳಸಿದ್ದ. ಯೂರೋಪಿನಲ್ಲಿ ಸ್ನೆಲ್ 1621ರಲ್ಲಿ ಅದನ್ನು ಕಂಡುಕೊಂಡ. ಡೆಕಾರ್ಟ್ 1637ರಲ್ಲಿ ಪ್ರಕಟಿಸಿದ.

ಟಾಲೆಮಿಯ ಉಪಕರಣವನ್ನು ತರಗತಿಯಲ್ಲಿಯೇ ಮಾಡಬಹುದು. ಮೇಣ ಸವರಿದ ರಟ್ಟಿನ ವೃತ್ತ, ಕೋನಮಾಪಕದಿಂದ ಎಳೆದ ಗೆರೆಗಳು, ಮೂರು ಗುಂಡುಸೂಜಿ, ಒಂದು ಬಕೆಟ್ ನೀರು ಸಾಕು. ನೀರು ಬಕೆಟ್ಟಿನ ಅಂಚಿನವರೆಗೂ ಇರಲಿ. ಇಲ್ಲವಾದರೆ ದೊಡ್ಡ ಕೋನಗಳಲ್ಲಿ ಅಂಚು ಅಡ್ಡ ಬರುತ್ತದೆ. ವಿದ್ಯಾರ್ಥಿಗಳು ತಮಗೆ ಕಂಡ ಅಂಕಿಗಳನ್ನೇ ತಿದ್ದದೆ ಬರೆದುಕೊಳ್ಳಲಿ. ಆಮೇಲೆ ಟಾಲೆಮಿಯ ಕೋಷ್ಟಕವನ್ನು ಪಕ್ಕದಲ್ಲಿಟ್ಟು, 80°ರ ಸಾಲನ್ನು ಹೋಲಿಸಿ ನೋಡಲಿ.