ಕಡಲಾಚೆಯ ವಿದ್ಯಾಭ್ಯಾಸವೂ ಕನ್ನಡನಾಡೂ

ವಿದ್ಯಾರ್ಜನೆಗಾಗಿ ದೇಶಾಂತರ ಹೋಗುವುದು ನಮ್ಮವರಿಗೆ ಹೊಸತಲ್ಲ. ಕಾಶಿಯಲ್ಲಿ ತರ್ಕವನ್ನೋ ವ್ಯಾಕರಣವನ್ನೋ ಓದಿ ಬಂದವರನ್ನು ಊರು ಆದರದಿಂದಲೇ ಕಾಣುತ್ತಿದ್ದಿತು. ಆದರೆ ಕಡಲನ್ನು ದಾಟುವ ಮಾತು ಬಂದಾಗ ಹಿರಿಯರ ಮುಖ ಬಾಡುತ್ತಿದ್ದಿತು. ಬೌಧಾಯನ ಧರ್ಮಸೂತ್ರವು ಪತನೀಯ ಕರ್ಮಗಳ ಸಾಲಿನಲ್ಲಿ ಸಮುದ್ರಯಾನವನ್ನೇ ಮೊದಲು ಎಣಿಸಿದೆ. ಅದೇ ಗ್ರಂಥವು ಅದನ್ನು ಉತ್ತರದೇಶದವರ ಆಚಾರಗಳಲ್ಲೊಂದೆಂದೂ ಹೇಳಿದೆ. ಮುಂದಣ ನಿಬಂಧಕಾರರು ಇನ್ನೂ ಬಿಗಿಮಾಡಿ, ಹಡಗೇರಿ ಹೋಗಿಬಂದ ದ್ವಿಜನನ್ನು ಪ್ರಾಯಶ್ಚಿತ್ತವಾದ ಮೇಲೂ ಸೇರಿಸಿಕೊಳ್ಳುವುದು ಕಲಿವರ್ಜ್ಯವೆಂದರು. ಈ ನಿಷೇಧದ ಒಳಗಿರುವ ಅಂಜಿಕೆ ನೀರಿನದಲ್ಲ. ಹೋದವನು ನಮ್ಮವನಾಗಿಯೇ ಮರಳುವನೋ ಇಲ್ಲವೋ ಎಂಬುದು. ಈ ಪ್ರಶ್ನೆ ಇಂದಿಗೂ ಸತ್ತಿಲ್ಲ. ಅದಕ್ಕೆ ಶಾಸ್ತ್ರವಾದದಿಂದಲ್ಲದೆ ಚರಿತ್ರೆಯಿಂದ ಉತ್ತರವನ್ನು ಹುಡುಕುವುದು ಈ ಲೇಖನದ ಉದ್ದೇಶ.

೧೯೪೭ರವರೆಗೆ ಕಡೂರು ಜಿಲ್ಲೆಯೆಂದೇ ಹೆಸರಾಗಿದ್ದ ನಮ್ಮ ಸೀಮೆಗೆ ಕಡಲು ದೂರ. ಆದರೆ ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಕಡೂರು, ಬೀರೂರು, ಅಜ್ಜಂಪುರಗಳನ್ನು ಹಾದು ಹರಿಹರ, ಹುಬ್ಬಳ್ಳಿ, ಪುಣೆಗಳತ್ತ ಸಾಗುವ ರೈಲುದಾರಿಯಾದ ಮೇಲೆ ಮುಂಬಯಿಯ ರೇವು ನಮಗೆ ಹತ್ತಿರವಾಯಿತು. ಆ ಕಾಲದ ಸಂಸ್ಥಾನಕ್ಕೆ ಹೊಸ ವಿದ್ಯೆಗಳನ್ನು ಬಲ್ಲವರೂ ಬೇಕಾಗಿದ್ದರು. ೧೮೯೮ರಲ್ಲಿಯೇ ಜಪಾನನ್ನು ಕಂಡುಬಂದಿದ್ದ ವಿಶ್ವೇಶ್ವರಯ್ಯನವರು ೧೯೧೨ರಲ್ಲಿ ದಿವಾನರಾದರು. ೧೯೧೬ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು. ೧೯೨೩ರಲ್ಲಿ ಭದ್ರಾವತಿಯ ಕುಲುಮೆ ಉರಿಯತೊಡಗಿದಾಗ ಅದಕ್ಕೆ ಅದುರನ್ನು ಒದಗಿಸಿದುದು ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಯೇ. ಬೆಟ್ಟಗಳಲ್ಲಿ ಇಷ್ಟು ಸಂಪತ್ತನ್ನಿಟ್ಟುಕೊಂಡ ಸಂಸ್ಥಾನವು ಕಲ್ಲುಮಣ್ಣುಗಳ ಗುಣವನ್ನು ಕಲಿತುಬರಲು ತರುಣರನ್ನು ಕಳುಹಿಸಿದುದು ಯುಕ್ತವೇ ಸರಿ.

ಹಾಗೆ ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಭೂವಿಜ್ಞಾನಕ್ಕಾಗಿ ಲಂಡನ್ನಿಗೆ ತೆರಳಿದವರಲ್ಲೊಬ್ಬರು ಟಿ. ಪಿ. ಕೈಲಾಸಂ. ಅಲ್ಲಿ ಆರೇಳು ವರ್ಷವಿದ್ದರು. ಸರ್ಕಾರವು ಕಳುಹಿಸಿದುದು ಕಲ್ಲನ್ನು ಓದುವುದಕ್ಕೆ. ಅವರು ಅದನ್ನೂ ಓದಿದರು, ಅದರೊಡನೆ ಆ ನಗರದ ನಾಟಕಶಾಲೆಗಳನ್ನೂ ಓದಿದರು. ಮರಳಿದ ಮೇಲೆ ಕೆಲವು ವರ್ಷ ಭೂವಿಜ್ಞಾನ ಇಲಾಖೆಯಲ್ಲಿದ್ದು ಕೆಲಸವನ್ನು ಬಿಟ್ಟರು. ಲೆಕ್ಕಪತ್ರವನ್ನು ನೋಡತಕ್ಕ ಅಧಿಕಾರಿಗೆ ಇದು ನಷ್ಟವೆಂದೇ ತೋರಿದ್ದೀತು. ಆದರೆ ರಾಜರಾಣಿಯರ ಸಂಗೀತನಾಟಕಗಳಲ್ಲಿ ಮುಳುಗಿದ್ದ ಕನ್ನಡ ರಂಗಭೂಮಿಗೆ ನಮ್ಮ ಮನೆಯ ಹಜಾರವನ್ನೂ, ಅಲ್ಲಿ ನಿಜವಾಗಿ ಆಡುವ ಮಾತನ್ನೂ ತಂದುಕೊಟ್ಟವರು ಅವರು. ಅವರ ‘ಟೊಳ್ಳುಗಟ್ಟಿ’ಯಲ್ಲಿ ಪರೀಕ್ಷೆಗಳಲ್ಲಿ ಗೆಲ್ಲುವ ಹುಡುಗನೇ ಟೊಳ್ಳು, ಪರೀಕ್ಷೆಯಲ್ಲಿ ಸೋತು ಮನೆಯವರ ಕಷ್ಟಕ್ಕೆ ಒದಗುವವನೇ ಗಟ್ಟಿ. ಕಡಲಾಚೆ ಓದಿಬಂದವರೇ ಬರಿಯ ಪದವಿಯನ್ನು ಹೀಗೆ ತೂಗಿದುದನ್ನು ವಾಚಕರು ಗಮನಿಸಬೇಕು.

ಕಲಿತ ವಿದ್ಯೆಯನ್ನೇ ನೆಲಕ್ಕೆ ಹೊಂದಿಸಿದವರೂ ಉಂಟು. ತರೀಕೆರೆಯ ಬಳಿಯ ಅಮೃತಾಪುರದಲ್ಲಿ ಜನ್ನಕವಿಯ ಪದ್ಯಗಳುಳ್ಳ ಶಾಸನವನ್ನಿಟ್ಟುಕೊಂಡಿರುವ ನಮಗೆ ಶಾಸನದ ಬೆಲೆಯನ್ನು ಹೇಳಬೇಕಾಗಿಲ್ಲ. ಲಂಡನ್ ವಿಶ್ವವಿದ್ಯಾನಿಲಯದಿಂದ ಡಿ.ಲಿಟ್. ಪದವಿಯನ್ನು ಪಡೆದುಬಂದ ಡಾ. ಎಂ. ಎಚ್. ಕೃಷ್ಣ ಅವರು ಚಿತ್ರದುರ್ಗದ ಚಂದ್ರವಳ್ಳಿಯನ್ನು ಅಗೆಸಿದರು. ೧೯೩೬ರಲ್ಲಿ ನಮ್ಮ ಜಿಲ್ಲೆಯ ಎಲ್ಲೆಗೆ ಸಮೀಪದ ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನವನ್ನು ಬೆಳಕಿಗೆ ತಂದರು. ಲಂಡನ್ನಿನಲ್ಲಿಯೇ ಮನಶ್ಶಾಸ್ತ್ರವನ್ನು ಓದಿಬಂದ ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ಮೈಸೂರಿನ ತಮ್ಮ ಮನೆಯಿಂದ ‘ಆಕಾಶವಾಣಿ’ಯನ್ನು ನಡೆಸಿದರು.

ಪರದೇಶದಲ್ಲಿ ವಿದ್ಯಾರ್ಥಿಯ ಮನಸ್ಸು ಹೇಗೆ ತಿರುಗುವುದೆಂಬುದನ್ನು ಸಾಹಿತಿಗಳ ಅನುಭವವು ಇನ್ನೂ ಸ್ಪಷ್ಟಪಡಿಸುತ್ತದೆ. ಆಕ್ಸ್‌ಫರ್ಡಿನಲ್ಲಿ ಓದಿದ ವಿ. ಕೃ. ಗೋಕಾಕರಿಗೆ ಕಡಲ ಪ್ರಯಾಣವು ‘ಸಮುದ್ರಗೀತಗಳು’ ಎಂಬ ಕವಿತೆಗಳಾಯಿತು. ‘ಸಮುದ್ರದಾಚೆಯಿಂದ’ ಎಂಬ ಗದ್ಯವೂ ಆಯಿತು. ಹಿಂದೆ ಪತನಕ್ಕೆ ಕಾರಣವೆನಿಸಿದ್ದ ಕಡಲು ಕನ್ನಡಕ್ಕೆ ಹೊಸ ಛಂದಸ್ಸಿನ ಉಸಿರನ್ನು ಕೊಟ್ಟಿತು. ಇಂಗ್ಲಿಷ್ ಕವಿಯಾಗಬೇಕೆಂದಿದ್ದ ಗಿರೀಶ ಕಾರ್ನಾಡರು ೧೯೬೦ರಲ್ಲಿ ಆಕ್ಸ್‌ಫರ್ಡಿಗೆ ಹೊರಡುವ ಸಿದ್ಧತೆಯಲ್ಲಿದ್ದಾಗಲೇ ‘ಯಯಾತಿ’ಯು ಕನ್ನಡದಲ್ಲಿ ಬಂದಿತು, ಮಗನು ತಂದೆಗೆ ಎಷ್ಟರಮಟ್ಟಿಗೆ ಸಲ್ಲಬೇಕೆಂಬುದೇ ಅದರ ವಸ್ತು. ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯ ಯು. ಆರ್. ಅನಂತಮೂರ್ತಿಯವರು ಬರ್ಮಿಂಗ್‌ಹ್ಯಾಮಿನಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಸಂಶೋಧಿಸುತ್ತಿದ್ದರು. ಅಲ್ಲಿ ಸ್ವೀಡನ್ ದೇಶದ ಬರ್ಗ್‌ಮನ್ನನ ಚಲನಚಿತ್ರವೊಂದನ್ನು ಕಂಡ ಮೇಲೆ, ೧೯೬೫ರಲ್ಲಿ, ಆ ಚಳಿಯ ಊರಿನಲ್ಲಿಯೇ ಕುಳಿತು ಮಲೆನಾಡಿನ ಅಗ್ರಹಾರದ ಕಥೆಯಾದ ‘ಸಂಸ್ಕಾರ’ವನ್ನು ಬರೆದರು. ಅಗ್ರಹಾರದೊಳಗೆ ಇದ್ದಾಗ ಕಾಣದ ಅಗ್ರಹಾರವು ಅಷ್ಟು ದೂರದಿಂದ ಇಡಿಯಾಗಿ ಕಂಡಿತು.

ಸ್ತ್ರೀಯರ ದಾರಿ ಇನ್ನೂ ಕಠಿಣವಾಗಿದ್ದಿತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತವನ್ನು ಓದಿದ ರಾಜೇಶ್ವರಿಯವರು, ಮುಂದೆ ರಾಜೇಶ್ವರಿ ಚಟರ್ಜಿಯೆಂದು ಖ್ಯಾತರಾದವರು, ೧೯೪೭ರಲ್ಲಿ ಸರ್ಕಾರದ ವೇತನದಿಂದ ಅಮೆರಿಕದ ಮಿಚಿಗನ್ ವಿಶ್ವವಿದ್ಯಾನಿಲಯಕ್ಕೆ ಹೋದರು. ೧೯೫೩ರಲ್ಲಿ ಡಾಕ್ಟರೇಟ್ ಪದವಿಯೊಡನೆ ಮರಳಿ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಧ್ಯಾಪಕಿಯಾಗಿ ಸೂಕ್ಷ್ಮತರಂಗಗಳ ವಿದ್ಯೆಯನ್ನು ಬೋಧಿಸಿದರು.

ಮರಳದವರ ಮಾತೇನು ಎಂದು ಕೇಳಬಹುದು. ೧೯೫೯ರಲ್ಲಿ ಅಮೆರಿಕಕ್ಕೆ ಓದಲು ಹೋದ ಮೈಸೂರಿನ ಎ. ಕೆ. ರಾಮಾನುಜನ್ನರು ೧೯೯೩ರಲ್ಲಿ ಷಿಕಾಗೋ ನಗರದಲ್ಲಿಯೇ ತೀರಿಕೊಂಡರು. ಆದರೆ ‘ಹೊಕ್ಕುಳಲ್ಲಿ ಹೂವಿಲ್ಲ’ ಮೊದಲಾದ ಕನ್ನಡ ಕವಿತೆಗಳನ್ನು ಅವರು ನಿಲ್ಲಿಸಲಿಲ್ಲ; ೧೯೭೩ರಲ್ಲಿ ವಚನಗಳನ್ನು ಇಂಗ್ಲಿಷಿಗೆ ತಂದು ಬಸವಣ್ಣ, ಅಕ್ಕಮಹಾದೇವಿಯರ ಮಾತನ್ನು ಜಗತ್ತಿಗೆ ಕೇಳಿಸಿದರು. ಇಂಥವರನ್ನು ಹೋದವರೆನ್ನುವುದು ಸಲ್ಲದು. ಎಲ್ಲರೂ ಇವರಂತಾಗುವರೆಂದು ನಾನು ಹೇಳುವುದಿಲ್ಲ. ಮಗನು ಬಾರದೆ ಮುಪ್ಪಿನಲ್ಲಿ ಒಂಟಿಯಾದ ತಂದೆತಾಯಿಗಳು ನಮ್ಮ ಊರುಗಳಲ್ಲಿಯೂ ಇದ್ದಾರೆ. ಅವರ ದುಃಖಕ್ಕೆ ಈ ಹೆಸರುಗಳು ಸಮಾಧಾನವಲ್ಲ.

ಆದರೂ ಚರಿತ್ರೆಯು ಒಂದು ಸಂಗತಿಯನ್ನು ನಿಶ್ಚಯವಾಗಿ ತಿಳಿಸುತ್ತದೆ: ವಿದ್ಯಾರ್ಥಿಯನ್ನು ಯಾವುದಕ್ಕಾಗಿ ಕಳುಹಿಸುತ್ತೇವೆಯೋ ಅದನ್ನಷ್ಟೇ ಅವನು ತರುವುದಿಲ್ಲ, ಮತ್ತು ಅವನನ್ನು ನಮ್ಮವನನ್ನಾಗಿ ಉಳಿಸಿದುದು ಕಡಲಿನ ಈಚೆಯ ವಾಸವಲ್ಲ, ಒಳಗಿನ ಭಾಷೆ. ಕೈಲಾಸಂ, ಗೋಕಾಕರಂಥವರ ಅನುಭವ ಗ್ರಂಥಗಳಲ್ಲಿ ಉಳಿದಿದೆ. ಕಡೂರು, ತರೀಕೆರೆ, ಅಜ್ಜಂಪುರಗಳ ಮನೆಗಳಿಂದ ಹೋದ ಸಾಮಾನ್ಯ ವಿದ್ಯಾರ್ಥಿಗಳ ಅನುಭವವು ಪೆಟ್ಟಿಗೆಗಳಲ್ಲಿನ ಹಳೆಯ ಕಾಗದಗಳಲ್ಲಿದೆ. ಇಂದು ಹೋಗುವವರದು ದೂರವಾಣಿಯ ಮಾತಾಗಿ ಅಂದಂದಿಗೇ ಅಡಗುತ್ತಿದೆ. ಆದುದರಿಂದ ಗೃಹಸ್ಥರಲ್ಲಿ ನನ್ನ ವಿಜ್ಞಾಪನೆ ಎರಡು. ಹಳೆಯ ಕಾಗದಗಳನ್ನು ರದ್ದಿಗೆ ಹಾಕದೆ ಕಾಪಾಡಿರಿ. ಹೊರಟು ನಿಂತ ಮಕ್ಕಳಿಗೆ, ತಿಂಗಳಿಗೊಂದಾದರೂ ಕಾಗದವನ್ನು ಕನ್ನಡದಲ್ಲಿ ಬರೆಯಬೇಕೆಂದು ಹೇಳಿ ಕಳುಹಿಸಿರಿ. ಆ ಕಾಗದವನ್ನು ಬರೆಯುವಷ್ಟು ಕಾಲ ಅವರು ನಮ್ಮ ಮನೆಯಲ್ಲಿಯೇ ಇರುತ್ತಾರೆ.