ದೊಡ್ಡರೋಗ ಸಂಶೋಧನೆ, ಭಾರತದಲ್ಲಿ

ದೊಡ್ಡರೋಗ ಅಥವಾ ರಿಂಡರ್‌ಪೆಸ್ಟ್ ದನ, ಎಮ್ಮೆ ಮತ್ತು ಹಲವು ಗೊರಸಿನ ಕಾಡುಪ್ರಾಣಿಗಳಿಗೆ ತಗಲುತ್ತಿದ್ದ ವೈರಸ್ ರೋಗ. ಜ್ವರ, ಬಾಯಿಹುಣ್ಣು, ಬಿಡದ ಭೇದಿ, ಕೊನೆಗೆ ಸಾವು. 2011ರಲ್ಲಿ ಇದು ಭೂಮಿಯ ಮೇಲಿಂದಲೇ ಅಳಿದುಹೋಯಿತೆಂದು ಘೋಷಿಸಲಾಯಿತು. ಸಿಡುಬನ್ನು ಬಿಟ್ಟರೆ ಮನುಷ್ಯ ಹೀಗೆ ನಿರ್ಮೂಲ ಮಾಡಿದ ರೋಗ ಇದೊಂದೇ. ಭಾರತದಲ್ಲಿ ಈ ರೋಗದ ಬೆನ್ನು ಹತ್ತಿದ್ದು ಬಹುಮಟ್ಟಿಗೆ ಸರ್ಕಾರಿ ಹಣದಲ್ಲಿ ನಡೆದ ಪ್ರಯೋಗಾಲಯಗಳು.

ದನಗಳ ಪಿಡುಗುಗಳ ಬಗ್ಗೆ ವಿಚಾರಿಸಲು ನೇಮಕವಾಗಿದ್ದ ಆಯೋಗದ ವರದಿ 1871ರಲ್ಲಿ ಕಲ್ಕತ್ತೆಯಿಂದ ಹೊರಬಂತು. ಪ್ರಯೋಗಾಲಯಕ್ಕೆ ಮತ್ತೂ ಹದಿನೆಂಟು ವರ್ಷ ಕಾಯಬೇಕಾಯಿತು. ಇಂಪೀರಿಯಲ್ ಬ್ಯಾಕ್ಟೀರಿಯಾಲಾಜಿಕಲ್ ಲ್ಯಾಬೊರೇಟರಿ 1889ರಲ್ಲಿ ಮುಕ್ತೇಶ್ವರದಲ್ಲಿ ಆರಂಭವಾಯಿತೆಂದು ಬರೆಯುವವರಿದ್ದಾರೆ. ಇದು ಎರಡು ಸಂಗತಿಗಳನ್ನು ಒಂದಾಗಿ ಓದಿದ ಫಲ. ಸಂಸ್ಥೆ ಹುಟ್ಟಿದ್ದು 1889ರ ಡಿಸೆಂಬರ್‌ನಲ್ಲಿ, ಪುಣೆಯಲ್ಲಿ. ಜನ, ದನ ಎರಡೂ ದಟ್ಟವಾಗಿದ್ದ ಊರಿನಲ್ಲಿ ಉಗ್ರ ರೋಗಾಣುಗಳನ್ನು ಇಟ್ಟುಕೊಳ್ಳುವುದು ಅಪಾಯವೆಂದು ಅದನ್ನು 1893ರಲ್ಲಿ ಕುಮಾವೂಂ ಬೆಟ್ಟದ ಮುಕ್ತೇಶ್ವರಕ್ಕೆ ಸಾಗಿಸಲಾಯಿತು. ತಂಪು ಹವೆಯೂ ಅನುಕೂಲಕ್ಕೆ ಬಂತು. ಮೊದಲ ಮುಖ್ಯಸ್ಥ ಆಲ್ಫ್ರೆಡ್ ಲಿಂಗಾರ್ಡ್. ಪ್ಲೇಗ್ ಅಧ್ಯಯನಕ್ಕಾಗಿ ಭಾರತಕ್ಕೆ ಬಂದಿದ್ದ ರಾಬರ್ಟ್ ಕಾಖ್ 1897ರಲ್ಲಿ ಅಲ್ಲಿಗೂ ಹೋಗಿದ್ದರು. ಸತ್ತ ದನದ ಪಿತ್ತರಸ ಚುಚ್ಚಿ ರೋಗ ತಡೆಯುವ ವಿಧಾನವನ್ನು ಅವರು ಆಗಷ್ಟೇ ದಕ್ಷಿಣ ಆಫ್ರಿಕದಲ್ಲಿ ರೂಪಿಸಿದ್ದರು. 1899ರಲ್ಲಿ ಬೆಂಕಿ ಬಿದ್ದು ಪ್ರಯೋಗಾಲಯ ಸುಟ್ಟಿತು, ಮತ್ತೆ ಕಟ್ಟಲಾಯಿತು. ಇಂದಿನ ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆಯ ಮೂಲ ಇದೇ.

ರೋಗದಿಂದ ಗುಣವಾದ ದನದ ಸೀರಮ್ ಕೊಟ್ಟರೆ ರಕ್ಷಣೆ ಕೆಲವೇ ದಿನ. ಸೀರಮ್‌ನ ಜೊತೆಗೆ ರೋಗಿ ದನದ ರಕ್ತವನ್ನೂ ಚುಚ್ಚಿದರೆ ರಕ್ಷಣೆ ಬಹುಕಾಲ ನಿಲ್ಲುತ್ತಿತ್ತು, ಆದರೆ ಆ ರಕ್ತದಲ್ಲಿದ್ದ ಬೇರೆ ಪರೋಪಜೀವಿಗಳೂ ಒಳಸೇರುತ್ತಿದ್ದವು. ಮೈಸೂರು ಸಂಸ್ಥಾನ 1925ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಸೀರಮ್ ಸಂಸ್ಥೆ ತೆರೆದಾಗ ಕೈಯಲ್ಲಿದ್ದುದು ಈ ವಿದ್ಯೆಯೇ. ಅದೇ ದಶಕದಲ್ಲಿ ಮುಕ್ತೇಶ್ವರದಲ್ಲಿ ಜೆ.ಟಿ. ಎಡ್ವರ್ಡ್ಸ್ ವೈರಸ್ಸನ್ನು ಆಡಿನಿಂದ ಆಡಿಗೆ ದಾಟಿಸುತ್ತ ಹೋದರು. ದನದ ರಕ್ತದ ಪರೋಪಜೀವಿಗಳಿಂದ ಅದನ್ನು ದೂರವಿಡುವುದು ಒಂದು ಉದ್ದೇಶವಾಗಿತ್ತು. ದಾಟುತ್ತ ದಾಟುತ್ತ ವೈರಸ್ಸಿನ ಉಗ್ರತೆಯೇ ಇಳಿಯಿತು. ಸೀರಮ್ ಇಲ್ಲದೆಯೇ ಕೊಡಬಹುದಾದ ಲಸಿಕೆ ಹೀಗೆ ದಕ್ಕಿತು. ನಾಟಿ ದನಗಳು ಅದನ್ನು ತಾಳಿಕೊಂಡವು. ವಿದೇಶಿ ಮತ್ತು ಮಿಶ್ರತಳಿ ದನಗಳಲ್ಲಿ ಮಾತ್ರ ಅದು ತೀವ್ರ ಪ್ರತಿಕ್ರಿಯೆ ಎಬ್ಬಿಸುತ್ತಿತ್ತು. ಈ ತೊಡಕು ನೀಗಿದ್ದು ವಾಲ್ಟರ್ ಪ್ಲೌರೈಟ್ ಕೆನ್ಯಾದಲ್ಲಿ ತಯಾರಿಸಿದ ಅಂಗಾಂಶ ಕೃಷಿ ಲಸಿಕೆಯಿಂದ.

ರಾಷ್ಟ್ರೀಯ ನಿರ್ಮೂಲನ ಕಾರ್ಯಕ್ರಮದ ಆರಂಭ 1954 ಎಂದೂ 1956 ಎಂದೂ ಸಿಗುತ್ತದೆ. ಮೊದಲನೆಯದು ಪ್ರಾಯೋಗಿಕ ಹಂತ, ಎರಡನೆಯದು ಎರಡನೇ ಪಂಚವಾರ್ಷಿಕ ಯೋಜನೆಯಡಿಯ ವಿಸ್ತರಣೆ. ರೋಗ ತಗ್ಗಿತು, ತೊಲಗಲಿಲ್ಲ. 1968ರಲ್ಲಿ ಬಂಡೀಪುರ, ಮುದುಮಲೆಗಳ ಕಾಟಿಗಳು ಗುಂಪುಗುಂಪಾಗಿ ಸತ್ತವು. ಊರದನದ ಲಸಿಕೆ ಕಾಡಿನ ಪ್ರಾಣಿಗಳ ಉಳಿವಿಗೂ ಎಷ್ಟು ಅಗತ್ಯವೆಂದು ಅರಣ್ಯ ಇಲಾಖೆಗೆ ಮನದಟ್ಟಾಗಲು ಇದಕ್ಕಿಂತ ದೊಡ್ಡ ನಿದರ್ಶನ ಬೇಕಿರಲಿಲ್ಲ.

ದಾಖಲೆಗಳು ಹೆಚ್ಚು ಗೊಂದಲಮಯವಾಗಿರುವುದು ಕುರಿಗಳ ವಿಷಯದಲ್ಲಿ. ದಕ್ಷಿಣ ಭಾರತದಲ್ಲಿ ಕುರಿ, ಆಡುಗಳಿಗೂ ದೊಡ್ಡರೋಗ ಬಂತೆಂದು ಹತ್ತಾರು ವರ್ಷ ವರದಿಗಳು ಬರುತ್ತಿದ್ದವು. ಆಗಿನ ಸಾಮಾನ್ಯ ಪರೀಕ್ಷೆಗಳೂ ಹಾಗೆಯೇ ಹೇಳುತ್ತಿದ್ದವು. ಕುರಿಮಂದೆಯಲ್ಲಿ ರೋಗ ಅಡಗಿ ಕುಳಿತಿದ್ದರೆ ದನಗಳಿಗೆಷ್ಟು ಲಸಿಕೆ ಹಾಕಿ ಏನು ಪ್ರಯೋಜನ? 1987ರಲ್ಲಿ ತಮಿಳುನಾಡಿನ ಅರಸೂರಿನ ಕುರಿಗಳಲ್ಲಿ ಕಂಡ ರೋಗವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ.ಎಸ್. ಶೈಲಾ ಮತ್ತು ಸಂಗಡಿಗರು ಪರೀಕ್ಷಿಸಿದರು. ಅದು ದೊಡ್ಡರೋಗವಲ್ಲ, ಪಿಪಿಆರ್ ಎಂಬ ಬೇರೆ ರೋಗ ಎಂದು 1989ರಲ್ಲಿ ಪ್ರಕಟಿಸಿದರು. 1942ರಲ್ಲಿ ಪಶ್ಚಿಮ ಆಫ್ರಿಕದಲ್ಲಿ ಮೊದಲು ವರ್ಣಿತವಾದ ಇದು ದೊಡ್ಡರೋಗದ ದಾಯಾದಿ ವೈರಸ್ಸಿನ ಕೆಲಸ. ನಮ್ಮ ಕುರಿಗಾರರು ಇದನ್ನು ಹಿರೇಬೇನೆ ಎನ್ನುತ್ತಾರೆ. ಹೆಸರಿನಲ್ಲೂ ಎರಡೂ ಒಂದೇ ಅರ್ಥದವು.

ಹಾಗೆಂದು 1987ಕ್ಕೆ ಮುಂಚಿನ ಕುರಿರೋಗದ ವರದಿಗಳೆಲ್ಲ ಪಿಪಿಆರ್ ಎಂದು ತೀರ್ಮಾನಿಸುವುದೂ ಅವಸರವಾದೀತು. ದೊಡ್ಡರೋಗ ಕುರಿಗಳಿಗೆ ತಗಲಬಲ್ಲುದು, ಹಳೆಯ ವರದಿಗಳ ಹಿಂದಿನ ವೈರಸ್ ಮಾದರಿಗಳು ಹೆಚ್ಚಿನವು ಉಳಿದಿಲ್ಲ. ಗೊಂದಲ ಇನ್ನೊಂದು ಕಡೆಯಿಂದಲೂ ಬಂತು. ದೊಡ್ಡರೋಗದ ಲಸಿಕೆ ಪಿಪಿಆರನ್ನೂ ತಡೆಯುತ್ತಿದ್ದುದರಿಂದ ಆಡು ಕುರಿಗಳಿಗೂ ಅದನ್ನೇ ಹಾಕುವ ರೂಢಿಯಿತ್ತು. ರೋಗ ನಿಜವಾಗಿ ಹೋಗಿದೆಯೇ ಎಂದು ರಕ್ತದ ಪ್ರತಿಕಾಯ ನೋಡಿ ಹೇಳಬೇಕಾದಾಗ, ಪ್ರತಿಕಾಯ ಬಂದದ್ದು ಲಸಿಕೆಯಿಂದಲೋ ರೋಗದಿಂದಲೋ ತಿಳಿಯುವಂತಿರಲಿಲ್ಲ. ಆ ರೂಢಿಯನ್ನು ನಿಲ್ಲಿಸಬೇಕಾಯಿತು. ಪಿಪಿಆರ್‌ಗೆ ತನ್ನದೇ ಲಸಿಕೆ ಬೇಕಾಯಿತು. ಮುಕ್ತೇಶ್ವರದಲ್ಲಿ ಸಿದ್ಧವಾದ ಸುಂಗ್ರಿ 96 ಆ ಅಗತ್ಯ ಪೂರೈಸಿತು.

ಭಾರತದಲ್ಲಿ ದೊಡ್ಡರೋಗ ಕೊನೆಯದಾಗಿ ದಾಖಲಾದದ್ದು 1995ರಲ್ಲಿ. ಆಮೇಲೆ ಲಸಿಕೆ ನಿಲ್ಲಿಸಿ, ಹಳ್ಳಿಹಳ್ಳಿ ಹುಡುಕಿ, ಸೋಂಕು ಇಲ್ಲವೆಂದು ಸಾಬೀತುಪಡಿಸುವ ಕೆಲಸ ನಡೆಯಿತು. 2006ರಲ್ಲಿ ದೇಶ ಸೋಂಕುಮುಕ್ತವೆಂಬ ಮಾನ್ಯತೆ ಬಂತು. ಪಿಪಿಆರ್ ಮಾತ್ರ ಇನ್ನೂ ತೊಲಗಿಲ್ಲ. 2016–17ರಲ್ಲಿ ಮಂಗೋಲಿಯದ ಸೈಗಾ ಜಿಂಕೆಗಳು ಸಾವಿರಾರು ಸಂಖ್ಯೆಯಲ್ಲಿ ಸತ್ತದ್ದು ಪಿಪಿಆರ್‌ನಿಂದ. 2030ರೊಳಗೆ ಅದನ್ನೂ ನಿರ್ಮೂಲ ಮಾಡುವ ಗುರಿಯನ್ನು ಅಂತಾರಾಷ್ಟ್ರೀಯ ಸಂಸ್ಥೆಗಳು ಇಟ್ಟುಕೊಂಡಿವೆ.